ಬುಟ್ಟಿಯಲ್ಲಿ ಹೊತ್ತ ಕಡಲತೀರ

ಸಮುದ್ರವನ್ನು ನಾನು ಕಂಡವನಲ್ಲ. ಆದರೂ ಅರಸೀಕೆರೆ ಸ್ಟೇಷನ್ನಿನಾಚೆಯ ಬೋಳು ಬೋರೆಯಲ್ಲಿ ಸಮುದ್ರದ ದಂಡೆ ಕಟ್ಟಿದವನು ನಾನೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆಗ ನಾನು ರೈಲ್ವೆಯಲ್ಲಿ ಮಣ್ಣುಕೆಲಸದ ಮೇಸ್ತ್ರಿ. ನಮ್ಮ ಇಂಗ್ಲಿಷ್ ಇಂಜಿನಿಯರ್ ದೊರೆಗೆ ಗಾಲ್ಫ್ ಹುಚ್ಚು. ಅವರ ಊರಲ್ಲಿ ಕಡಲಗಾಳಿ ಗುಡ್ಡೆ ಹಾಕಿದ ಮರಳು ದಿಬ್ಬಗಳ ನಡುವೆ ಚೆಂಡು ಹೊಡೆಯುತ್ತಿದ್ದರಂತೆ. ಇಲ್ಲಿಯೂ ಅಂಥದ್ದೇ ಬೇಕೆಂದರು. ಅವರು ಕೈಯಲ್ಲಿ ಏರಿಳಿತ ತೋರಿಸಿದರು, ನಾವು ಬುಟ್ಟಿಯಲ್ಲಿ ಮಣ್ಣು ಹೊತ್ತೆವು. ಕೆರೆ ಏರಿ ಕಟ್ಟುವ ಹಾಗೆ ಪದರ ಪದರವಾಗಿ ತುಳಿದು ಗಟ್ಟಿ ಮಾಡಿ, ಮೇಲೆ ಗರಿಕೆ ನೆಟ್ಟೆವು.

ಒಮ್ಮೆ ಅವರ ನೆಂಟ ದೊರೆಯೊಬ್ಬ ಬಂದ. ಆಡಿದ, ಟೀ ಕುಡಿದ, ಆಮೇಲೆ ನಾಲಿಗೆ ಹರಿಬಿಟ್ಟ: "ಆಟಕ್ಕೇನೋ ಚೆನ್ನಾಗಿದೆ. ಶ್ರೇಷ್ಠ ಅನ್ನಲಾರೆ. ಶ್ರೇಷ್ಠವಾದದ್ದನ್ನು ಗಾಳಿ, ಕಡಲು ಮಾಡಬೇಕು. ಇದು ಬುಟ್ಟಿಯಲ್ಲಿ ಸುರಿದ ಸುಳ್ಳು." ನಮ್ಮ ದೊರೆಯ ಮುಖ ಸಪ್ಪಗಾಯಿತು. ನಾಡಿದ್ದು ಎಲ್ಲವನ್ನೂ ನೆಲಸಮ ಮಾಡಿಬಿಡು ಎಂದರು ನನಗೆ.

ಮಣ್ಣು ಹೊತ್ತ ಹೆಂಗಸರಿಗೆ ಹೇಗೆ ಹೇಳುವುದು? ಆ ನೆಂಟ ಸುಳ್ಳು ಅಂದದ್ದನ್ನೂ ಸೇರಿಸಿ ಹೇಳಿದೆ. ಒಬ್ಬಾಕೆ ಸೆರಗು ಸರಿಸಿ ತಲೆ ಬಗ್ಗಿಸಿದಳು. "ಹೊತ್ತೂ ಹೊತ್ತೂ ನೆತ್ತಿ ಕೂದ್ಲೆಲ್ಲ ಉದುರೋಗೈತೆ. ಇದೂ ಸುಳ್ಳಾ ಮೇಸ್ತ್ರಿ? ಬಂದು ಮುಟ್ಟಿ ನೋಡ್ಲಿ ಆವಯ್ಯ!" ನನ್ನ ಮೈಯೆಲ್ಲ ಉರಿದುಹೋಯಿತು.

ಮರುದಿನ ದೊರೆಗಳು ಹಳೇಬೀಡು ನೋಡಲು ಹೊರಟರು. ದಾರಿ ತೋರಿಸಲು ನಾನೂ ಕಾರು ಹತ್ತಿದೆ. ದೇವಸ್ಥಾನ ನೋಡಿ ಪಕ್ಕದ ಕೆರೆಯ ಮುಂದೆ ನಿಂತಾಗ ಆ ನೆಂಟ ಟೋಪಿ ತೆಗೆದ. "ಎಂಥ ಸರೋವರ! ದೇವರು ಕೊಟ್ಟದ್ದು ಅಂದರೆ ಇದು."

ಇನ್ನು ತಡೆಯಲಾಗಲಿಲ್ಲ. ಮುರುಕು ಇಂಗ್ಲಿಷಿನಲ್ಲೇ ಹೇಳಿದೆ: "ದೇವರಲ್ಲ ಸ್ವಾಮಿ, ನಮ್ಮವರು ಕೊಟ್ಟದ್ದು. ಏರಿ ಹಾಕಿ ನೀರು ನಿಲ್ಲಿಸಿದ ಕೆರೆ ಇದು. ಇದಕ್ಕೂ ಮಣ್ಣು ಹೊತ್ತದ್ದು ಬುಟ್ಟಿಯಲ್ಲೇ. ತುಂಬಿದರೆ ಗಂಗಮ್ಮ ಅಂತ ಬಾಗಿನ ಕೊಡುತ್ತೇವೆ, ಸುಳ್ಳು ಅನ್ನುವುದಿಲ್ಲ."

ಆತ ಕೆಂಪಗಾದ. "ಅದು ಬೇರೆ. ಇದು ನೂರಾರು ವರ್ಷ ಹಳೆಯದು."

"ಹಾಗಾದರೆ ನಮ್ಮ ದಿಬ್ಬಕ್ಕೂ ವಯಸ್ಸಾಗಲು ಬಿಡಿ. ಹುಟ್ಟಿದ ವರ್ಷವೇ ಕತ್ತು ಹಿಸುಕಿದರೆ ಅದು ದೊಡ್ಡದಾಗುವುದು ಯಾವಾಗ?"

ಕೆಲಸ ಹೋಯಿತು ಅಂದುಕೊಂಡೆ. ಹೋದರೆ ಹೋಗಲಿ, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವನು ನಾನಲ್ಲ. ನಮ್ಮ ದೊರೆ ಏರಿಯ ಮೇಲೆ ಹತ್ತಿ ಬೂಟುಗಾಲಲ್ಲಿ ಮಣ್ಣನ್ನು ತುಳಿದು ನೋಡಿದರು. ಕೊನೆಗೆ ನೆಂಟನ ಕಡೆ ತಿರುಗದೆ, ತಮಗೆ ಬರುತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ ಹೇಳಿದರು: "ಮೇಸ್ತ್ರಿ, ನಾಳೆ ಒಡೆಯೋದು ಬೇಡ. ಮೂಲೆಯಲ್ಲಿ ಇನ್ನೊಂದು ದಿಬ್ಬ ಎಬ್ಬಿಸು."