ಪಡುಗೋಡೆಯ ಹಗ್ಗ

ಕಳೆದ ವಾರ ನಮ್ಮ ಗೇಟು ತೆರೆದು ಒಳಗೆ ಬಂದ ಹೆಂಗಸಿನ ಕೈಯಲ್ಲಿ ಒಂದು ಗೋಣಿಚೀಲವಿತ್ತು. ಆಕೆ ಯಾರೆಂದು ತಿಳಿಯುವ ಮೊದಲೇ ಚೀಲದ ವಾಸನೆ ನನ್ನನ್ನು ತಲುಪಿತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆಯದು. ದೋಣಿಗೆ ಬಳಿಯುತ್ತಾರೆ, ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಆ ಘಾಟು ಮೂಗಿಗೆ ಬಡಿದದ್ದೇ ನನ್ನ ಕಣ್ಣು ತಾನಾಗಿ ಜಗಲಿಯ ತೊಲೆಗೆ ಹೋಯಿತು. ಅಲ್ಲಿ ಈಗ ಏನೂ ಇಲ್ಲ, ಎರಡು ತೂತುಗಳಿವೆ ಅಷ್ಟೆ.

"ನಾನು ಆಚಾರ್ರ ಮಗಳು ಅಕ್ಕಾ, ಕಾರ್ಕಳಕ್ಕೆ ಕೊಟ್ಟದ್ದು," ಎಂದಳು ಆಕೆ.

ನಮ್ಮ ಕಡೆ ಮರಗೆಲಸದವರನ್ನೆಲ್ಲ ಆಚಾರ್ರು ಎಂದೇ ಕರೆಯುವುದು. ನಾನು ಕರೆಯುತ್ತಿದ್ದ ಆಚಾರ್ರು ಮಾತ್ರ ಒಬ್ಬರೇ. ಕಾಪುವಿನ ಕಡಲಿಗೆ ಮುಖಮಾಡಿದ ಈ ಮನೆಯಲ್ಲಿ ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಿಡಲು ಶುರುಮಾಡಿದ ವರ್ಷ ಅವರು ನನ್ನ ಪಾಲಿಗೆ ಒದಗಿದರು. ಎಳೆಯ ಪ್ರಾಯದಲ್ಲಿ ಮಲ್ಪೆಯಲ್ಲಿ ದೋಣಿ ಕಟ್ಟಿದವರು. ಸಣ್ಣ ಆಳು, ದೊಡ್ಡ ಕೈಗಳು, ಮತ್ತು ಎಲ್ಲದಕ್ಕೂ ಹೆದರಿಕೆ. ನಾನು ಅಂಥ ಪುಕ್ಕಲನನ್ನು ಕಂಡಿರಲಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಬಗ್ಗಿ ನೋಡುತ್ತಿದ್ದರು. ಚಹಾ ಕುಡಿಯುತ್ತಾ ಮಾಡಿನ ಪಕ್ಕಾಸುಗಳನ್ನು ಎಣಿಸುತ್ತಿದ್ದರು. ನಾನೂ ನನ್ನ ಯಜಮಾನರೂ ಅವರು ಹೋದ ಮೇಲೆ ಆ ನೋಟವನ್ನು ಅಣಕಿಸಿ ನಗುತ್ತಿದ್ದೆವು...

ನನಗೆ ಜಗಲಿಯಲ್ಲಿ ಒಂದು ಉಯ್ಯಾಲೆ ಬೇಕಿತ್ತು, ಹೊರಗೆ ಅಂಗಳಕ್ಕೆ ಎರಡು ಬೆಂಚು. ಅಂಗಡಿಯಲ್ಲಿ ಬಣ್ಣ ಹೊಡೆದ ಕಬ್ಬಿಣದ್ದು ಚೆಂದ ಕಾಣುತ್ತದಲ್ಲ ಎಂದೆ. ಆಚಾರ್ರು ಬೆಚ್ಚಿದರು. ಬಣ್ಣದ ಕೆಳಗೆ ಉಪ್ಪುಗಾಳಿ ಹೊಕ್ಕರೆ ಹೊರಗೆ ಮದುಮಗನ ಹಾಗೆ ಇರುತ್ತದೆ, ಒಳಗೆ ಪುಡಿ ಎಂದರು. ಪ್ಲಾಸ್ಟಿಕ್ಕು ಬಿಸಿಲಿಗೆ ಬಿಸ್ಕತ್ತಿನ ಹಾಗೆ ಮುರಿಯುತ್ತದಂತೆ. ಸಾಗುವಾನಿ ಆಗಬಹುದು, ಆದರೆ ಈಗ ಸಿಗುವುದು ಎಳೆ ಮರ, ಅರ್ಧಕ್ಕರ್ಧ ತಿರುಳಿಲ್ಲದ ಬಿಳಿ ಭಾಗ. ಕೊನೆಗೆ ಹಳೆಯ ಮನೆಯೊಂದನ್ನು ಕೆಡವಿದಲ್ಲಿಂದ ಉಪ್ಪುನೀರಿಗೂ ಜಗ್ಗದ ಬೋಗಿ ಮರದ ಹಲಗೆ ತಂದರು. ಇಬ್ಬರು ಸೇರಿ ಎತ್ತಬೇಕಾದ ಭಾರ.

ಅವರದೊಂದು ಕ್ರಮವಿತ್ತು. ಕಡಲತೀರದ ಮನೆಗೆ ಏನನ್ನೇ ಮಾಡುವುದಿದ್ದರೂ ಮೊದಲು ತುಂಡು ತುಂಡು ಮರಗಳಿಗೆ ಬೇರೆ ಬೇರೆ ತಿರುಪು, ಕೊಕ್ಕೆಗಳನ್ನು ಹಾಕಿ, ಹಗ್ಗಕ್ಕೆ ಪೋಣಿಸಿ, ಮನೆಯ ಪಡುಗೋಡೆಗೆ ನೇತುಹಾಕುತ್ತಿದ್ದರು. ಕಡಲಿನ ಗಾಳಿ ನೇರ ಹೊಡೆಯುವುದು ಆ ಗೋಡೆಗೇ. ಮಳೆಗಾಲ ಪೂರ್ತಿ ಅವು ಅಲ್ಲಿ ತೂಗಬೇಕು. ಆಟಿ ತಿಂಗಳ ಜಡಿಮಳೆ ಕಳೆದ ಮೇಲೆ ಬಂದು, ಯಾವುದು ಉಳಿದಿದೆಯೋ ಅದರಿಂದಲೇ ಕೆಲಸ. ನಮ್ಮ ಪಡುಗೋಡೆಗೂ ಅಂಥದೊಂದು ಹಗ್ಗ ಕಟ್ಟಿ, ಉಯ್ಯಾಲೆಯ ಹಲಗೆ ಸಿದ್ಧವಾಗಿದ್ದರೂ ಕೊಕ್ಕೆ ಹಾಕದೆ ಜಗಲಿಯ ಮೂಲೆಯಲ್ಲಿಟ್ಟು ಹೊರಟರು.

"ಆಟಿ ಕಳೀಲಿ ಅಮ್ಮಾ. ಅವಸರ ಮಾಡ್ಬೇಡಿ. ನನಗೆ ಹೆದರಿಕೆ ಉಂಟು."

ನಾನು ಅವಸರ ಮಾಡಿದೆ. ಉಯ್ಯಾಲೆಯ ಫೋಟೋ ಹಾಕದೆ ಯಾರು ಬರುತ್ತಾರೆ ಎಂಬ ಚಿಂತೆ ನನಗೆ. ಬನ್ನಂಜೆಯ ಒಂದು ಅಂಗಡಿಗೆ ಹೋಗಿ ಸ್ಟೀಲಿನ ಎರಡು ಕೊಕ್ಕೆ ಆರಿಸಿದೆ. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿದರು, ಅಂಟಲಿಲ್ಲ. ಅಂಟದಿದ್ದರೆ ತುಕ್ಕು ಹಿಡಿಯುವುದಿಲ್ಲ ಎಂದು ನಮ್ಮಲ್ಲಿ ಎಲ್ಲರೂ ನಂಬುವ ಹಾಗೆ ನಾನೂ ನಂಬಿದೆ. ವೈರಿಂಗಿಗೆ ಬಂದವನ ಕೈಯಲ್ಲಿ ತೂಗುಹಾಕಿಸಿಯೂ ಆಯಿತು. ಮಳೆ ನಿಂತ ಮೇಲೆ ಆಚಾರ್ರು ಬಂದರು, ತೂಗುತ್ತಿದ್ದ ಉಯ್ಯಾಲೆಯನ್ನು ನೋಡಿ ಮೆಟ್ಟಿಲಲ್ಲೇ ನಿಂತರು. ಸ್ಟೀಲಿನಲ್ಲೂ ನಂಬರುಗಳಿವೆ, ಅವರಿಗೆ ಉಪ್ಪಿಗೆ ಜಗ್ಗದ, ದೋಣಿಗೆ ಹಾಕುವ ನಂಬರಿನದೇ ಆಗಬೇಕಿತ್ತು. ಅಯಸ್ಕಾಂತಕ್ಕೆ ಕಬ್ಬಿಣ ಗೊತ್ತಾಗುತ್ತದೆ, ಉಪ್ಪು ಗೊತ್ತಾಗುವುದಿಲ್ಲ ಎಂದು ಅವರು ಅದೆಷ್ಟು ಸಲ ಹೇಳಿರಲಿಲ್ಲ!

"ಎಂತ ಕೊಕ್ಕೆ ಅಮ್ಮಾ ಅದು?"

"ನೀವು ಹೇಳಿದ ನಂಬರಿನದೇ ಆಚಾರ್ರೇ," ಎಂದುಬಿಟ್ಟೆ. ಬೈಸಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೆ. ಕಲಿತವರು ಹೇಳಿದ್ದಲ್ಲವೇ ಎಂದು ಅವರು ನಂಬಿದರು. ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದರು.

ಮರುವರ್ಷದ ಆಟಿ. ಮಧ್ಯಾಹ್ನ, ಮಳೆ ನಿಂತು ಸ್ವಲ್ಪ ಹೊಳವಾಗಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ಗದಗದ ಕಡೆಯ ಹುಡುಗಿ ತನ್ನ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಉಯ್ಯಾಲೆಯಲ್ಲಿ ಕುಳಿತು ಹಾಲೂಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಅವಳೊಡನೆ ಮಾತಾಡುತ್ತಿದ್ದೆ. ಅಂಗಳದ ಬೆಂಚುಗಳಿಗೆ ಎಣ್ಣೆ ಬಳಿಯುವುದು ಯಾವಾಗ ಎಂದು ಕೇಳಿ ಹೋಗಲು ಬಂದ ಆಚಾರ್ರು ಕೊಡೆ ಮಡಚುತ್ತಾ ಅಭ್ಯಾಸದಂತೆ ಮೇಲೆ ನೋಡಿದರು. ಕೊಡೆ ಮಡಚುವುದು ಅರ್ಧಕ್ಕೆ ನಿಂತಿತು. ನಾನೂ ನೋಡಿದೆ. ಎಡಗಡೆಯ ಕೊಕ್ಕೆಯ ಬುಡದಿಂದ ತೊಲೆಯ ಮೇಲೆ ಚಹಾ ಸೋರಿದ ಹಾಗೆ ಕಂದು ಗೆರೆ ಇಳಿದಿತ್ತು. ಎಷ್ಟು ದಿನದಿಂದ ಇತ್ತೋ... ಪ್ರತಿದಿನ ಅದರ ಕೆಳಗೇ ಓಡಾಡುತ್ತಿದ್ದ ನನಗೆ ಕಂಡಿರಲಿಲ್ಲ.

ಅವರು ಕೂಗಲಿಲ್ಲ. ಕೂಗಿದ್ದರೆ ಅವಳು ಗಾಬರಿಯಿಂದ ಕಾಲು ನೆಲಕ್ಕೆ ಒತ್ತಿ ಜೀಕಿಬಿಡುತ್ತಿದ್ದಳು. ಮೆತ್ತಗೆ ಬಂದು, ಬಗ್ಗಿ, ಹಲಗೆಯ ಎಡ ತುದಿಯ ಕೆಳಗೆ ತಮ್ಮ ಬಲಭುಜ ಕೊಟ್ಟರು.

"ಯಾಕ್ರೀ ಅಜ್ಜಾ, ಏನಾತ್ರೀ?" ಎಂದು ಅವಳು ನಕ್ಕಳು.

"ಎಂತ ಇಲ್ಲ ಮಗಾ. ಬಲಗಡೆಯಿಂದ ನಿಧಾನ ಏಳು. ಕೂಸನ್ನು ಅಮ್ಮನ ಕೈಗೆ ಕೊಡು."

ನಾಲ್ಕು ಹೆಜ್ಜೆಯ ದೂರ, ನನಗೆ ನಡೆಯಲಾಗುತ್ತಿಲ್ಲ. ಹೇಗೋ ಹೋಗಿ ಕೂಸನ್ನು ತೆಗೆದುಕೊಂಡೆ. ಅದರ ಬಾಯಲ್ಲಿ ಇನ್ನೂ ಹಾಲಿತ್ತು. ಅವಳು ಎದ್ದು ಒಂದು ಹೆಜ್ಜೆ ಇಟ್ಟಳು ನೋಡಿ, ತೊಲೆಯಲ್ಲಿ ಟಕ್ ಎಂಬ ಸದ್ದಾಯಿತು. ಅಷ್ಟೇ ಸಣ್ಣ ಸದ್ದು. ಬೋಗಿ ಹಲಗೆಯ ಎಡಬದಿಯ ಇಡೀ ಭಾರ ಆ ಮುದುಕರ ಭುಜದ ಮೇಲೆ ಇಳಿಯಿತು.

ರಿಕ್ಷಾ ಬರುವವರೆಗೆ ಅವರು ಗೋಡೆಗೆ ಒರಗಿ ಕುಳಿತಿದ್ದರು. ಎಡಗೈಯಲ್ಲಿ ಮುರಿದ ಕೊಕ್ಕೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದು ಯಾವ ನಂಬರಿನದು ಎಂದು ಅವರಿಗೆ ಆಗ ತಿಳಿಯಿತು, ಅವರಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ಬಾಯಿ ತೆರೆದರೆ ಸಾಕು, ನಾನು ಮುಗಿದೆ. ಆದರೆ ಅವರು ಹೇಳಿದ್ದು ಬೇರೆಯೇ.

"ಕಡಲಿಗೆ ಇಳಿಯುವ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಅಂತ ಹೇಳ್ವ ಅಮ್ಮಾ. ನಾನು ಮಾಡಿದ ಉಯ್ಯಾಲೆ ಬಿತ್ತು ಅಂತ ಊರಿಗೆ ಗೊತ್ತಾಗುವುದು ಬೇಡ."

ನಾನು ಕೂಡಲೇ ತಲೆಯಾಡಿಸಿದೆ. ಎಷ್ಟು ಬೇಗ ಆಡಿಸಿದೆ ಎಂಬುದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಕೆಲಸದ ಹುಡುಗಿಗೂ ಹಾಗೇ ಹೇಳಿಸಿದೆ. ಮಣಿಪಾಲದಲ್ಲಿ ಭುಜಕ್ಕೆ ಎರಡು ಸಲ ಆಪರೇಷನ್ನು ಆಯಿತು. ಅವರ ಬಲಗೈ ಮತ್ತೆ ಎದೆಯಿಂದ ಮೇಲೆ ಏಳಲಿಲ್ಲ, ಉಳಿ ಹಿಡಿಯಲಿಲ್ಲ.

ಎರಡು ಸಲ ನೋಡಲು ಹೋಗಿದ್ದೆ. ಎರಡು ಸಲವೂ ಅವರ ಮನೆಯವರು ಕಾಫಿ ಕೊಟ್ಟು ಉಪಚರಿಸುವಾಗ, ಆಚಾರ್ರು ಈಗ ಹೇಳುತ್ತಾರೆ, ಈಗ ಹೇಳಿಬಿಡುತ್ತಾರೆ ಎಂದು ನಾನು ಲೋಟದಿಂದ ಕಣ್ಣೆತ್ತುತ್ತಿರಲಿಲ್ಲ. ಅವರು ಕೇಳಿದ್ದು ಒಂದೇ, ಕೂಸು ನಡೆಯಲು ಕಲಿತಿತಾ ಎಂದು. ಮೂರನೆಯ ಸಲ ಹೋಗುವ ಧೈರ್ಯ ಬರಲಿಲ್ಲ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಕೇಳಿ ಅತ್ತೆ. ಅಳುವಿನ ಒಳಗೆ ಎಲ್ಲೋ ಒಂದು ಚೂರು ನೆಮ್ಮದಿಯೂ ಇತ್ತು, ದೇವರು ಕ್ಷಮಿಸಲಿ...

ಮಗಳು ಚೀಲವನ್ನು ಜಗಲಿಯಲ್ಲಿ ಬಿಚ್ಚಿದಳು. ತವರುಮನೆಯ ಹಳೆಯ ಕೊಟ್ಟಿಗೆ ತೆರವು ಮಾಡುವಾಗ ಸಿಕ್ಕಿತಂತೆ. ಅದೇ ಹಗ್ಗ. ಎಣ್ಣೆ ಕುಡಿದು ಕಪ್ಪಾದ ಮರದ ತುಂಡುಗಳು, ಒಂದೂ ಹುಳು ಹಿಡಿದಿರಲಿಲ್ಲ. ಪ್ರತಿ ತುಂಡಿನ ಮೇಲೂ ಉಳಿಯಲ್ಲಿ ಕೆತ್ತಿದ ನಮ್ಮ ಮನೆಯ ಹೆಸರು. ಹಗ್ಗದ ಕೊನೆಗೆ, ಎಲ್ಲಕ್ಕಿಂತ ಕೆಳಗೆ, ಮುರಿದ ಒಂದು ಕೊಕ್ಕೆಯನ್ನು ಕಟ್ಟಿದ್ದರು. ಆ ಗಂಟು ಸಡಿಲವಾಗಿತ್ತು, ವಕ್ರವಾಗಿತ್ತು. ಎಡಗೈಯಲ್ಲಿ ಕಟ್ಟಿದ್ದು.

"ಹೆಸರು ನೋಡಿ ನಿಮಗೇ ಕೊಡುವ ಅಂತ ತಂದದ್ದು," ಎಂದಳು. ಆಮೇಲೆ ಕಡಲಿನ ಕಡೆ ನೋಡಿದಳು. "ಅಪ್ಪ ಜಾರಿ ಬಿದ್ದ ಮೆಟ್ಟಿಲು ಯಾವುದು ಅಕ್ಕಾ? ಒಮ್ಮೆ ನೋಡಿ ಹೋಗ್ತೇನೆ."

ಅಂಗಳದ ಆಚೆ ಮೆಟ್ಟಿಲುಗಳಿದ್ದವು. ಯಾವುದನ್ನು ತೋರಿಸಿದರೂ ಆಕೆ ನಂಬುತ್ತಿದ್ದಳು, ಅಪ್ಪನ ಹಾಗೆಯೇ. ಅಂದು ಕೂಸಿನ ಕಡೆಗೆ ಆ ನಾಲ್ಕು ಹೆಜ್ಜೆ ಹೇಗೆ ಇಟ್ಟೆನೋ ಹಾಗೆಯೇ ಕೈಯೆತ್ತಿ ತಲೆಯ ಮೇಲಿನ ತೂತುಗಳನ್ನು ತೋರಿಸಿದೆ.

"ಮೆಟ್ಟಿಲಲ್ಲ ಮಾರಾಯ್ತಿ. ಇಲ್ಲಿ, ಉಯ್ಯಾಲೆ ಬಿದ್ದು. ಆ ಮುರಿದ ಕೊಕ್ಕೆ ನಾನು ತಂದದ್ದು."

ಆಕೆ ತೊಲೆಯನ್ನೂ ನನ್ನನ್ನೂ ನೋಡುತ್ತಾ ನಿಂತಳು. ಈ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದ ಆಚಾರ್ರೇ ಈಗ ಇರಲಿಲ್ಲ. ಮಗಳು ಹಗ್ಗದ ಕೊನೆಯ ಕೊಕ್ಕೆಯನ್ನು ಎತ್ತಿ, ಅವರ ಹಾಗೆಯೇ ದೊಡ್ಡದಾದ ಕೈಗಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.