ಹಳೆಯ ಅಕ್ಷರದ ಫ್ಲಾಪಿ

ಓದುವ ಎಲ್ಲರಿಗೂ ಶರಣು. ಇಪ್ಪತ್ತೆಂಟನೇ ವಯಸ್ಸಿಗೆ ಹತ್ತನೇ ತರಗತಿ ಪಾಸಾದವನು ನಾನು. ಒಂದೊಂದೇ ಕೀಲಿ ಹುಡುಕಿ ಟೈಪು ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದೆ. ಎಂಬತ್ತರ ದಶಕದ ಕೊನೆಗೆ ಕೆಲಸ ಬಿಟ್ಟು ರಾಯಚೂರಿನಲ್ಲಿ ಕಂಪ್ಯೂಟರ್ ಕಲಿತೆ. ದೇವದುರ್ಗದ ಬೀಜದ ಅಂಗಡಿಯ ಮಾಲೀಕರು ನನ್ನನ್ನು ನಂಬಿ ಮೊದಲ ಕೆಲಸ ಕೊಟ್ಟರು: ಬೀಜದ ಚೀಲಗಳಿಗೆ ಕನ್ನಡದಲ್ಲಿ ಚೀಟಿ ಮುದ್ರಿಸುವ ಪ್ರೋಗ್ರಾಂ.

ಪ್ರೋಗ್ರಾಂ ನನ್ನದು. ಆದರೆ ಕನ್ನಡ ಅಕ್ಷರ ಮೂಡಿಸುವ ಫೈಲ್ ನನ್ನದಲ್ಲ. ಅದನ್ನು ರಾಯಚೂರು ಪಕ್ಕದ ಶಕ್ತಿನಗರದ ಇಂಜಿನಿಯರೊಬ್ಬರು ಬರೆದು ಸುಮ್ಮನೆ ಕೊಟ್ಟಿದ್ದರು. ನಾನು ದೇವದುರ್ಗಕ್ಕೆ ಹೊರಡುವ ಹಿಂದಿನ ದಿನ ಅದರದೇ ಹೊಸ ಪ್ರತಿ ಕೊಟ್ಟು, "ಒತ್ತಕ್ಷರ ಚಂದ ಬರ್ತಾವ್ರಿ, ಹಚ್ಚಿ ನೋಡ್ರಿ" ಎಂದರು. ನಾನು ನೋಡಲಿಲ್ಲ. ನನ್ನ ಫ್ಲಾಪಿಯಲ್ಲಿ ಹಳೆಯದರ ಮೇಲೆಯೇ ಹೊಸದನ್ನು ನಕಲು ಮಾಡಿಕೊಂಡು ಬಸ್ಸು ಹತ್ತಿದೆ.

ದೇವದುರ್ಗದ ಅಂಗಡಿಗೆ ಹೊಸದಾಗಿ ತರಿಸಿದ್ದ ಕಂಪ್ಯೂಟರಿನಿಂದ ಮೊದಲ ಚೀಟಿ ಹೊರಬಂತು. 'ಸಜ್ಜೆ' ಇರಬೇಕಾದಲ್ಲಿ ಯಾರೂ ಓದಲಾಗದ ಗೀಟುಗಳು. ಅಂಗಡಿಯ ಹಿರಿಯ ಗುಮಾಸ್ತರು ಕಿಸೆಯ ಪೆನ್ನು ತೆಗೆದು ತೋರಿಸಿದರು.

"ಇದು ಒಂದಿನಾನೂ ಹಿಂಗ ಮಾಡಿಲ್ರಿ."

ಮಾಲೀಕರು ನಗಲಿಲ್ಲ. "ಮಳಿ ಆಗ್ಯಾದ, ನಾಳಿ ಬೆಳಿಗ್ಗಿ ರೈತರು ಬರ್ತಾರ. ಸಂಜಿಮಟ ನೋಡ್ತೀನಿ. ಇಲ್ಲಂದ್ರ ಈ ಪೆಟ್ಟಿಗಿ ಕಟ್ಟಿ ವಾಪಸ್ ಕಳಸೂದು, ಕೈಲೇ ಬರಿಯೂದು."

ಪೆಟ್ಟಿಗೆ ಹೋದರೆ ನನ್ನ ಹೊಸ ಬದುಕೂ ಹೋದಂತೆಯೇ. ಅಂಚೆ ಕಚೇರಿಗೆ ಓಡಿ ಇಂಜಿನಿಯರಿಗೆ ಟ್ರಂಕ್ ಕಾಲ್ ಹಚ್ಚಿದೆ.

"ಒಂದೊಂದು ಅಕ್ಷರಕ್ಕ ಒಂದೊಂದು ನಂಬರ್ ಇರ್ತದಲ್ರಿ, ಹೊಸಾದ್ರಾಗ ಆ ನಂಬರ್ ಬದಲಿ ಮಾಡೀನ್ರಿ. ನಿಮ್ಮ ಪ್ರೋಗ್ರಾಂ ಹಳೇ ನಂಬರ್ ಕೇಳಾಕತ್ತದ. ಹಳೇದು ಹಾಕ್ರಿ."

"ಅದರ ಮ್ಯಾಲೇ ಹೊಸಾದು ಹಾಕಿಬಿಟ್ಟೀನ್ರಿ."

"ಫಿಟ್ಟರ್ ಆಗಿ ಹಿಂಗ ಮಾಡೂದಾ?"

ಆ ಮಾತು ನಾಟಿತು. ಗಿರಣಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಹೊಸ ಬೆಲ್ಟ್ ಒಂದು ದಿನ ಪೂರ್ತಿ ತಿರುಗುವ ತನಕ ಹಳೆಯದನ್ನು ಗೂಟಕ್ಕೇ ನೇತುಹಾಕುತ್ತಿದ್ದರು. ಬೇರೆ ಗಿರಣಿಯಿಂದ ತಂದ ಬಿಡಿಭಾಗಕ್ಕೆ, ಎಲ್ಲಿಂದ ಬಂತು ಎಂದು ಬರೆದ ಅರಿವೆ ಚೂರು ಕಟ್ಟುತ್ತಿದ್ದರು. ಕಂಪ್ಯೂಟರ್ ಮುಂದೆ ಕುಳಿತಾಗ ಅದೆಲ್ಲ ಕಬ್ಬಿಣಕ್ಕೆ ಮಾತ್ರ ಎಂದುಕೊಂಡಿದ್ದೆ.

ಇಂಜಿನಿಯರ್ ಬಳಿ ಹಳೆಯ ಪ್ರತಿ ಇತ್ತು. ಮಧ್ಯಾಹ್ನದ ಬಿಸಿಲಲ್ಲಿ ಅವರೇ ರಾಯಚೂರು ಬಸ್ ನಿಲ್ದಾಣಕ್ಕೆ ಬಂದು ದೇವದುರ್ಗದ ಕಂಡಕ್ಟರ್ ಕೈಗೆ ಫ್ಲಾಪಿ ಕೊಟ್ಟರು. ಹೊತ್ತು ಇಳಿಯುವ ಮುಂಚೆ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲೇ ನಿಂತು ಕೂಗಿದರು.

"ಯಾರ್ರೀ ಫ್ಲಾಪಿಯವ್ರು? ಮಡಚಬ್ಯಾಡ ಅಂತ ಮೂರ್ ಸಲ ಹೇಳ್ಯಾರ. ತೊಡಿಮ್ಯಾಲ ಇಟಗೊಂಡು ಬಂದೀನಿ. ಒಳಗೇನ್ ಕೂಸೈತೇನ್ರಿ?"

ಲಕೋಟೆಯೊಳಗೆ ಒಂದು ಚೀಟಿಯೂ ಇತ್ತು: ಯಾವ ತಿಂಗಳ ಫೈಲ್, ಯಾವ ಪ್ರೋಗ್ರಾಮಿಗೆ ಹೊಂದುತ್ತದೆ, ಆಮೇಲೆ ಏನು ಬದಲಾಯಿತು. ಫೈಲ್ ಹಾಕಿದೆ. ಪ್ರಿಂಟರ್ ಕಿರ್ರೆಂದು 'ಸಜ್ಜೆ' ಬರೆಯಿತು. ಗುಮಾಸ್ತರು ಕನ್ನಡಕ ಏರಿಸಿ ಓದಿ, ಪೆನ್ನು ಕಿಸೆಗೆ ಹಾಕಿ, ತಾವೇ ಚೀಲಗಳಿಗೆ ಚೀಟಿ ಹೊಲಿಯಲು ಕುಳಿತರು. ಪೆಟ್ಟಿಗೆ ಅಲ್ಲೇ ಉಳಿಯಿತು.

ಅಂದಿನಿಂದ ನಾನು ಕೊಟ್ಟ ಪ್ರತಿ ಫ್ಲಾಪಿಯಲ್ಲೂ ಪ್ರೋಗ್ರಾಮಿಗೆ ಬೇಕಾದ ಪರರ ಫೈಲುಗಳನ್ನೆಲ್ಲ ಜೊತೆಗೇ ಇಟ್ಟೆ, ಬೇರೊಂದು ಯಂತ್ರದಲ್ಲಿ ನಡೆಸಿ ನೋಡಿಯೇ ಕೊಟ್ಟೆ. ಕವರಿನೊಳಗೆ ಯಾರದು, ಯಾವ ಪ್ರತಿ ಎಂಬ ಚೀಟಿ. ಅದರ ಮೊದಲ ಸಾಲಿನಲ್ಲಿ ಆ ಇಂಜಿನಿಯರರ ಹೆಸರು. ಉಸ್ತಾದರ ಹೆಸರು ಬರೆಯಲು ಜಾಗವಿರಲಿಲ್ಲ, ಆದರೆ ಚೀಟಿ ಅವರದೇ.

ನಿಮ್ಮ ಕೆಲಸವೂ ಹೀಗೆ ಬೇರೆಯವರು ಜೋಪಾನ ಮಾಡಿಟ್ಟದ್ದರಿಂದ ಉಳಿದದ್ದುಂಟೇ? ಇದ್ದರೆ ಬರೆದು ತಿಳಿಸಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.