ತಕ್ಕಡಿ ರಾಕ್ಷಸಿಯ ಮನೆಗೆ ಮಾಬಮ್ಮ

ಬಸ್ಸಿನಲ್ಲಿ ಮಾಬಮ್ಮನ ಹತ್ತಿ ಹಿಂಜುವ ಬಿಲ್ಲು ಯಾರ ಕಣ್ಣಿಗಾದರೂ ಚುಚ್ಚಬಹುದು. ಕಂಡಕ್ಟರ್ ಬಿಲ್ಲಿಗೂ ಟಿಕೆಟ್ ಕೇಳಿ, ಮಾತಿಗೆ ಮಾತು ಬೆಳೆದು, ಆಕೆ ನಡುದಾರಿಯಲ್ಲೇ ಇಳಿದುಬಿಡಬಹುದು. ಹತ್ತಿಯ ಧೂಳಿಗೆ ನನ್ನ ಮಗಳಿಗೆ ಕೆಮ್ಮು ಹತ್ತಬಹುದು. ಎಪ್ಪತ್ತು ದಾಟಿದ ಇಬ್ಬರು ಮುದುಕಿಯರು, ಅಂದರೆ ಆಕೆ ಮತ್ತು ನನ್ನವ್ವ, ಹಳೆಯದೇನನ್ನೋ ಕೆದಕಿ ಕಿತ್ತಾಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹತ್ತಿ ಕಡಿಮೆ ಬೀಳಬಹುದು. ಮಾಬಮ್ಮ ಮಸ್ಕಿಯಿಂದ ಸಿಂಧನೂರಿನ ನಮ್ಮ ಮನೆಗೆ ಗಾದಿ ಹಿಂಜಲು ಬರುತ್ತಾಳೆಂದು ತಿಳಿದ ದಿನವೇ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ನನಗೆ ಬೇರೆ ಹವ್ಯಾಸವಿಲ್ಲ.

ನಾನು ಲಿಂಗಸುಗೂರಿನಲ್ಲಿ ಹುಡುಗನಾಗಿದ್ದಾಗ ಆಳುದ್ದದ ಬಿಲ್ಲು ಹೆಗಲಿಗೇರಿಸಿಕೊಂಡು ಬರುವ ಹೆಂಗಸು ಆಕೆಯೊಬ್ಬಳೇ. ಪಿಂಜಾರರಲ್ಲಿ ಹಿಂಜುವುದು ಗಂಡಸರು, ಹೊಲಿಯುವುದು ಹೆಂಗಸರು. ಗಂಡ ತೀರಿಕೊಂಡ ಮೇಲೆ ಮಾಬಮ್ಮ ಎರಡನ್ನೂ ತಾನೇ ಹಿಡಿದಳು. ಯಾರೋ ಆಡಿಕೊಂಡಾಗ, "ಬಿಲ್ಲಿಗೇನು ಗೊತ್ತಾಕೈತ್ರಿ, ಹಿಡದಾಕಿ ಸೀರಿ ಉಟ್ಟಾಳೋ ಲುಂಗಿ ಉಟ್ಟಾಳೋ" ಅಂದಳಂತೆ.

ವರ್ಷಕ್ಕೊಮ್ಮೆ ನಮ್ಮ ಪಡಸಾಲೆಗೆ ಬಂದು, ಮೂಗಿಗೆ ಬಟ್ಟೆ ಕಟ್ಟಿ, ಬಿಲ್ಲಿನ ದಾರವನ್ನು ಒಮ್ಮೆ ಮೀಟಿ ಕಿವಿಗೊಟ್ಟು ಕೇಳುತ್ತಿದ್ದಳು. ನಾದ ಒಪ್ಪಿಗೆಯಾದರೆ ಟಂಯ್ ಟಂಯ್ ಶುರು. ಮಧ್ಯಾಹ್ನದ ಹೊತ್ತಿಗೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ಮೂವತ್ತರ ಹೆಂಗಸು ಅಜ್ಜಿಯಾಗಿರುತ್ತಿದ್ದಳು. ಆ ಬಟ್ಟೆಯ ಹಿಂದಿನಿಂದಲೇ ಕಥೆ ಹೊರಡುತ್ತಿತ್ತು.

ಆಕೆಯದು ಒಂದೇ ಕಥೆ. ತಕ್ಕಡಿ ರಾಕ್ಷಸಿ ಅಂತ ಒಬ್ಬಳು. ಅನ್ನ ತೂಗುತ್ತಾಳೆ, ನೆರಳು ತೂಗುತ್ತಾಳೆ, ಮಲಗಿದವರ ಉಸಿರನ್ನೂ ತೂಗುತ್ತಾಳೆ. ಆಕೆಯ ಮನೆಯಲ್ಲಿ ಅರಳೆಗೂಸು ಸೆರೆಯಲ್ಲಿದೆ. ಬಾಗಿಲಿಗೆ ಬಸ್ಯಾ ಎಂಬ ಕಾವಲುಗಾರ. ಕಣ್ಣು ತೆರೆದೇ ಇರುತ್ತವೆ, ಏನೂ ಕಾಣುವುದಿಲ್ಲ. ಅವನ ಎದುರಿಗೇ ಅರಳೆಗೂಸು ಗಾಳಿಯಲ್ಲಿ ತೇಲಿ ಹೊರಟುಹೋಗುತ್ತದೆ. ಹೀಗೆ ಊರೂರಿನ ಅರಳೆಗೂಸುಗಳೆಲ್ಲ ತಪ್ಪಿಸಿಕೊಂಡು ಕೊನೆಗೆ "ಅಕ್ಕತಂಗೇರೆಲ್ಲಾ ಒಂದ ಮನ್ಯಾಗ ಕೂಡಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಮಲಗಿದರಪಾ ತಮ್ಮಾ." ಬಸ್ಯಾನ ದಡ್ಡತನಕ್ಕೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ನಲವತ್ತು ವರ್ಷದ ಮೇಲೆ ಅದೇ ಕಥೆಯನ್ನು ಮಗಳಿಗೆ ಹೇಳುತ್ತಾ ಅರ್ಧದಲ್ಲಿ ನಿಂತುಬಿಟ್ಟೆ. ನಮ್ಮ ಹತ್ತಿಯನ್ನು ಹಿಂಜುವ ಮೊದಲೊಮ್ಮೆ, ಆಮೇಲೊಮ್ಮೆ ತಕ್ಕಡಿಗೆ ಹಾಕುತ್ತಿದ್ದವಳು ನನ್ನವ್ವ. "ಆಕಿ ಮುಂದ ಕುಂದರು, ಏಳಬ್ಯಾಡ" ಎಂದು ಪಡಸಾಲೆಯಲ್ಲಿ ಕೂಡಿಸುತ್ತಿದ್ದುದು ನನ್ನನ್ನು. ನಾನು ನೋಡುತ್ತಿದ್ದುದು ಮಾಬಮ್ಮನ ಮುಖವನ್ನು, ಕೈಯನ್ನಲ್ಲ. ಅಂದರೆ ನಾನು ಅಷ್ಟು ನಕ್ಕಿದ್ದು ನನ್ನನ್ನೇ ನೋಡಿ. ಅರಳೆಗೂಸು ತೇಲಿ ಹೋಗುತ್ತಿದ್ದುದು ಗಾಳಿಯಲ್ಲೋ, ಸೆರಗಿನಲ್ಲೋ? ಬಾಲ್ಯದ ಅಷ್ಟೂ ಪ್ರೀತಿ ಕಣ್ಕಟ್ಟಾಗಿತ್ತೇ ಎಂಬ ಅನುಮಾನ ಹೊಕ್ಕಿತು. ನನ್ನೊಳಗೆ ಹೊಕ್ಕ ಅನುಮಾನ ಬಾಡಿಗೆಗೆ ಬಂದದ್ದಲ್ಲ, ಮನೆ ಕಟ್ಟಿಕೊಂಡೇ ಇರುತ್ತದೆ.

ನಾನು ತಂದ ಫೋಮಿನ ಹಾಸಿಗೆ ಅವ್ವನಿಗೆ ಸೇರಲಿಲ್ಲ. "ಇದರ ಮ್ಯಾಲೆ ಮಲಗಿದರ ಬ್ರೆಡ್ಡಿನ ಮ್ಯಾಲೆ ಮಲಗಿದಂಗ ಆಕೈತಿ. ನನ್ನ ಹತ್ತಿ ಐತಲ್ಲ, ಮಾಬಮ್ಮನ್ನ ಕರಸು" ಎಂದಳು. ಕರೆಸಿದೆ. ಈ ಸಲ ಬಸ್ಯಾ ಕೈಯನ್ನೇ ನೋಡಬೇಕೆಂದು ನಿಶ್ಚಯಿಸಿದ್ದೆ.

ಬಿಲ್ಲು ಯಾರಿಗೂ ಚುಚ್ಚಲಿಲ್ಲ. ಕಂಡಕ್ಟರೇ ಅದನ್ನು ಇಳಿಸಿಕೊಟ್ಟಿದ್ದನಂತೆ. ಅವ್ವ ಬಾಗಿಲಲ್ಲೇ ನಿಂತು, "ಇನ್ನೂ ಇದ್ದೀಯೇನಬೇ?" ಎಂದಳು.

"ನಿಮ್ಮನ್ನ ಬಿಟ್ಟು ಹೆಂಗ ಹೋಗಲ್ರಿ ಅಕ್ಕಾರ? ಮೊಮ್ಮಗಳ ಮದುವಿ ಗೊತ್ತಾಗೈತಿ. ಅದೊಂದು ನೋಡಿ ಹೋಗತೀನಿ."

ಅವ್ವ ಲಿಂಗಸುಗೂರಿನ ಹಳೆಯ ತಕ್ಕಡಿಯನ್ನು ತರಿಸಿದಳು. ಒಂದು ತಟ್ಟೆಗೆ ಕಲ್ಲು, ಇನ್ನೊಂದಕ್ಕೆ ಹತ್ತಿ. "ನಾಕು ಕೆಜಿ ನೋಡಬೇ" ಎಂದು ಕೂಗಿದಳು. ಮಾಬಮ್ಮ ಬಿಲ್ಲಿನ ದಾರ ನೋಡುತ್ತಾ "ಹೂನ್ರಿ" ಎಂದಳು. ನನ್ನ ಕಣ್ಣು ಮಾತ್ರ ತಟ್ಟೆಯ ಮೇಲಿತ್ತು. ಹತ್ತಿಯ ಕಡೆ ಕೆಳಗೆ ಜಗ್ಗಿತ್ತು.

"ಅವ್ವಾ, ನಾಕಕ್ಕ ಜಾಸ್ತಿ ಐತಿ. ಒಂದು ಹಿಡಿಯಷ್ಟು ಹೆಚ್ಚು ಐತಿ ನೋಡು" ಎಂದೆ.

ಅವ್ವ ನನ್ನನ್ನು ನೋಡಿದ ರೀತಿಯ ಅರ್ಥ ನನಗಾಗಲಿಲ್ಲ. ಮಾಬಮ್ಮ ತಲೆ ಎತ್ತದೆ ಮೂಗಿಗೆ ಬಟ್ಟೆ ಕಟ್ಟಿಕೊಂಡಳು.

ದಿನವಿಡೀ ಪಕ್ಕದಲ್ಲೇ ಕೂತು ಕೈ ನೋಡಿದೆ. ಮಗಳು ಕಥೆ ಕೇಳಿದಳು. "ಮರತೀನವ್ವಾ. ವಯಸ್ಸಾತು" ಎಂದು ಮಾಬಮ್ಮ ಬಿಲ್ಲಿನ ದಾರ ಮೀಟಿದಳು. ಸಂಜೆ ಗಾದಿಯ ಬಾಯಿ ಹೊಲಿಯುವ ಮೊದಲು ಒಂದು ಹಿಡಿ ಹತ್ತಿ ತೆಗೆದು ಅವ್ವನ ಕಾಲ ಬಳಿ ಇಟ್ಟಳು.

"ಇದು ಹೆಚ್ಚಿಂದ್ರಿ ಅಕ್ಕಾರ. ತಮ್ಮ ಹೇಳಿದ್ದು ಖರೇನ ಐತಿ."

"ತಗೊಂಡು ಹೋಗಬೇ, ನನಗ್ಯಾಕ ಅದು?"

"ಬ್ಯಾಡ್ರಿ. ಕೊಟ್ಟಿದ್ದು ತಗೋಳಾಕ ನಾನೇನು ಬೇಡಾಕ ಬಂದೀನೇನ್ರಿ?" ನಗುತ್ತಲೇ ಅಂದಳು. ಬಿಲ್ಲು ಹೆಗಲಿಗೇರಿಸಿ ನನ್ನ ತಲೆ ಮುಟ್ಟಿ, "ಭಾಳ ಹುಷಾರಾಗೀಯಪಾ ತಮ್ಮಾ" ಎಂದು ಬಸ್ ಸ್ಟ್ಯಾಂಡಿನ ಕಡೆ ಹೊರಟಳು.

ಆಕೆ ತಿರುವಿನಲ್ಲಿ ಮರೆಯಾದ ಮೇಲೆ ಅವ್ವ ಬಾಯಿ ಬಿಟ್ಟಳು. "ಪ್ರತಿ ಸಲ ಒಂದು ಹಿಡಿ ಕಡಿಮಿ ಹೇಳತಿದ್ದೆ. ಆಕಿ ಅಷ್ಟ ತಗೋತಿದ್ದಳು. ಮನಿಮನಿಯಿಂದ ಒಂದೊಂದು ಹಿಡಿ ಕೂಡಿಸಿ ಮಗಳ ಮದುವಿಗೆ ಗಾದಿ ಮಾಡಿದಳು. ಈಗ ಮೊಮ್ಮಗಳದು. ಕೇಳಾಕಿ ಅಲ್ಲ ಆಕಿ. ಕೈಯೆತ್ತಿ ಕೊಟ್ಟರ ತಗೋಳಾಕೀನೂ ಅಲ್ಲ."

"ಹಂಗಾರ ನನ್ನ ಯಾಕ ಕಾವಲಿಗೆ ಕೂಡಿಸ್ತಿದ್ದಿ?"

"ಕಾವಲಿಗೆ? ನೀನು ಅಡಗಿಮನ್ಯಾಗ ನನ್ನ ಬೆನ್ನು ಹತ್ತಿ, ಮಾಳಿಗಿ ಬೀಳತೈತೇನು, ಒಲಿ ಸಿಡಿತೈತೇನು ಅಂತ ತಲಿ ತಿಂತಿದ್ದಿ. ಅದಕ್ಕ ಆಕಿ ಮುಂದ ಕೂಡಿಸ್ತಿದ್ದೆ."

"ರಾಕ್ಷಸಿ ಅಂದರ ನೀನ ಅಂತ ಗೊತ್ತಿತ್ತೇನು?"

"ಇಲ್ಲದ ಏನು! ನೆರಳು ತೂಗೋದು ಹೇಳಿಕೊಟ್ಟಾಕಿ ನಾನ."

ಮೊಮ್ಮಗಳ ಮದುವೆ ಆಯಿತು, ಮಾಬಮ್ಮ ನೋಡಿದಳು. ಮಳೆಗಾಲ ಕಳೆಯುವಷ್ಟರಲ್ಲಿ ಆಕೆ ಇಲ್ಲವೆಂದು ಮಸ್ಕಿಯಿಂದ ಫೋನ್ ಬಂತು. ಮಣ್ಣಿಗೆ ಹೋಗಿದ್ದೆ. ಆಕೆಯ ಮನೆಯ ಗೋಡೆಯ ಮೊಳೆಗೆ ತೂಗುಹಾಕಿದ್ದ ಬಿಲ್ಲಿನ ದಾರ ಸಡಿಲಾಗಿತ್ತು.

ಗಾದಿ ಹಿಂಜಿದ ಆ ದಿನ ಮಗಳಿಗೆ ಕೆಮ್ಮು ಬರಲಿಲ್ಲ, ಮುದುಕಿಯರು ಕಿತ್ತಾಡಲಿಲ್ಲ, ಹತ್ತಿ ಗುಲಗಂಜಿಯಷ್ಟೂ ಕಡಿಮೆ ಬೀಳಲಿಲ್ಲ. ಒಂದು ಹಿಡಿ ಉಳಿಯಿತು, ಅಷ್ಟೇ. ಅವ್ವ ಅದನ್ನು ಯಾವ ದಿಂಬಿಗೂ ತುಂಬಲು ಬಿಟ್ಟಿಲ್ಲ. ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇದೆ. ಬಾಗಿಲು ತೆಗೆದಾಗಲೆಲ್ಲ ಗಾಳಿಗೆ ಸ್ವಲ್ಪ ಅಲುಗುತ್ತದೆ.